ಗೇಟಿಲ್ಲದ ಹಲಸೂರು ಗೇಟ್

ಬೆಂಗಳೂರಿನ ಮಿಥಿಕ್ ಸೊಸೈಟಿಗೆ ದಾರಿ ಹೇಳುವುದು ಅಷ್ಟು ಸುಲಭವಲ್ಲ. ಆಟೊದವರಿಗೆ ಹೆಸರು ಹೇಳಿದರೆ "ಮ್ಯೂಸಿಕ್ ಸೊಸೈಟಿನಾ ಸಾರ್?" ಎಂದು ಕೇಳುತ್ತಾರೆ. ನೃಪತುಂಗ ರಸ್ತೆ ಎಂದರೆ ಅರ್ಧ ಜನಕ್ಕೆ ಗೊತ್ತಾಗುತ್ತದೆ. ರಿಸರ್ವ್ ಬ್ಯಾಂಕಿನ ಹತ್ತಿರ ಎಂದರೆ ಇನ್ನೂ ಸ್ವಲ್ಪ ಜನಕ್ಕೆ. ಕೊನೆಗೆ "ಕಾರ್ಪೊರೇಷನ್ ಹತ್ರ, ಹಲ್ಸೂರ್ ಗೇಟ್ ಕಡೆ" ಎಂದುಬಿಟ್ಟರೆ ಮುಗಿಯಿತು, ಮೀಟರ್ ಹಾಕುತ್ತಾರೆ, ಅಥವಾ ಹಾಕದೆ ಹೊರಡುತ್ತಾರೆ.

ಆದರೆ ಹಲಸೂರು ಗೇಟಿನಲ್ಲಿ ಯಾವ ಗೇಟೂ ಇಲ್ಲ. ಹೊಸದಾಗಿ ಬಂದವರು ಅಂದುಕೊಳ್ಳುವಂತೆ ಅದು ಹಲಸೂರಿನಲ್ಲೂ ಇಲ್ಲ. ಹಲಸೂರು ಅಲ್ಲಿಂದ ಪೂರ್ವಕ್ಕೆ ಕೆಲವು ಕಿಲೋಮೀಟರ್ ದೂರ. ಇನ್ನು ಕಾರ್ಪೊರೇಷನ್ ವಿಷಯ. ಆ ಕಟ್ಟಡದ ಮೇಲಿನ ಹೆಸರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು, 2025ರಲ್ಲಿ ಆ ಪಾಲಿಕೆಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬಸ್ಸಿನ ಕಂಡಕ್ಟರ್ ಮಾತ್ರ ಈಗಲೂ "ಕಾರ್ಪೊರೇಷನ್, ಯಾರ್ರೀ ಕಾರ್ಪೊರೇಷನ್" ಎಂದೇ ಕೂಗುತ್ತಾರೆ. ಇಳಿಯುವವರು ಇಳಿಯುತ್ತಾರೆ. ಇಲ್ಲದ ಗೇಟು, ಹೋದ ಹೆಸರು ಎರಡನ್ನೂ ಹಿಡಿದುಕೊಂಡು ಜನ ಸರಿಯಾದ ಜಾಗಕ್ಕೇ ತಲುಪುತ್ತಾರೆ.

ಅವಿನ್ಯೂ ರಸ್ತೆಯ ಕಡೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ನನ್ನದು ಕರಡು ತಿದ್ದುವ ಕೆಲಸ. ಹಾಗಾಗಿ ಹನ್ನೆರಡು ವರ್ಷದಿಂದ ಈ ಸ್ಟಾಪಿನಲ್ಲಿ ಇಳಿಯುತ್ತಿದ್ದೇನೆ. ಶನಿವಾರ ಮಧ್ಯಾಹ್ನ ಕೆಲಸ ಬೇಗ ಮುಗಿದರೆ ಮಿಥಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಹೋಗಿ ಕೂರುವುದು ರೂಢಿ. ಓದಿಗಿಂತ ಹೆಚ್ಚಾಗಿ ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಹುಡುಕಾಟ. ಅದನ್ನು ಹೇಳುವ ಮೊದಲು ಆ ಕಟ್ಟಡದ ಸುತ್ತ ಒಂದು ಸುತ್ತು ಹಾಕಬೇಕು. ಯಾಕೆಂದರೆ ನನ್ನ ಪ್ರಶ್ನೆಗೆ ಉತ್ತರದ ತುಣುಕುಗಳು ಸಿಕ್ಕಿದ್ದು ಒಳಗಿನ ಕಪಾಟುಗಳಲ್ಲಿ ಎಷ್ಟೋ, ಹೊರಗಿನ ರಸ್ತೆಗಳಲ್ಲೂ ಅಷ್ಟೇ.

ಮಿಥಿಕ್ ಸೊಸೈಟಿ ಹುಟ್ಟಿದ್ದು 1909ರಲ್ಲಿ. ಚರಿತ್ರೆ, ಪುರಾತತ್ವ, ಜನಪದ ನಂಬಿಕೆಗಳ ಬಗ್ಗೆ ಆಸಕ್ತಿಯಿದ್ದ ಕೆಲವರು ಸೇರಿ ಕಟ್ಟಿಕೊಂಡ ಸಂಘ ಅದು. ಫಾದರ್ ಟಬಾರ್ಡ್ ಎಂಬ ಪಾದ್ರಿ ಬಹಳ ಕಾಲ ಅದರ ಅಧ್ಯಕ್ಷರಾಗಿದ್ದರು. ಸಂಘದ ತ್ರೈಮಾಸಿಕ ಪತ್ರಿಕೆಯ ಹಳೆಯ ಸಂಪುಟಗಳನ್ನು ತೆರೆದರೆ ಒಂದು ಕಾಲದ ವಿದ್ವಾಂಸರೆಲ್ಲ ಅಲ್ಲಿ ವಾದ ಮಾಡುತ್ತ ಕೂತಿರುತ್ತಾರೆ. ಕಟ್ಟಡಕ್ಕೆ ಡೇಲಿ ಸ್ಮಾರಕ ಭವನ ಎಂದು ಹೆಸರು. ಸರ್ ಹ್ಯೂ ಡೇಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವರು. ಅವರ ಹೆಸರು ಇಂದು ಆ ಕಟ್ಟಡ ಬಿಟ್ಟರೆ ಊರಿನಲ್ಲಿ ಬೇರೆ ಯಾರ ಬಾಯಲ್ಲೂ ಇಲ್ಲ.

ಕಟ್ಟಡದ ಮುಂದಿನ ರಸ್ತೆಗೆ ನೃಪತುಂಗನ ಹೆಸರು. ರಾಷ್ಟ್ರಕೂಟರ ದೊರೆ, 9ನೇ ಶತಮಾನದವನು. ಅವನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ನಮಗೆ ಉಳಿದಿರುವ ಕನ್ನಡದ ಮೊದಲ ಗ್ರಂಥ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆ ಹೇಳಿದ ಗ್ರಂಥ ಅದೇ. ಅವನ ರಾಜಧಾನಿ ಮಾನ್ಯಖೇಟ ಇಲ್ಲಿಂದ ಬಹುದೂರ, ಕಲಬುರಗಿ ಸೀಮೆಯಲ್ಲಿದೆ. ಆದರೂ ಒಂದು 'ಮಾರ್ಗ'ಕ್ಕೆ ಅವನ ಹೆಸರು ಚೆನ್ನಾಗಿ ಒಪ್ಪುತ್ತದೆ. ಒಂದು ತುದಿಯಲ್ಲಿ ಕೆ.ಆರ್. ಸರ್ಕಲ್, ಇನ್ನೊಂದು ತುದಿಯಲ್ಲಿ ಹಡ್ಸನ್ ಸರ್ಕಲ್. ನಡುವೆ ಪೊಲೀಸ್ ಪ್ರಧಾನ ಕಚೇರಿ, ಯವನಿಕಾ, ಈಗ ವಿಶ್ವವಿದ್ಯಾಲಯವಾಗಿರುವ ಸರ್ಕಾರಿ ವಿಜ್ಞಾನ ಕಾಲೇಜು, 1886ರಷ್ಟು ಹಿಂದೆ ಶುರುವಾದ ಸೇಂಟ್ ಮಾರ್ಥಾಸ್ ಆಸ್ಪತ್ರೆ. ಹಿಂದೆ ಕಬ್ಬನ್ ಪಾರ್ಕಿನ ಹಸಿರು. ಹಡ್ಸನ್ ಸರ್ಕಲ್ಲಿನಲ್ಲಿ 1904ರ ಹಡ್ಸನ್ ಸ್ಮಾರಕ ಚರ್ಚು. ಅದು ಪೇಟೆಯ ಮಕ್ಕಳಿಗೆ ಕನ್ನಡ ಶಾಲೆಗಳನ್ನು ತೆರೆದ ಜೋಸಾಯ ಹಡ್ಸನ್ ಎಂಬ ವೆಸ್ಲಿಯನ್ ಮಿಷನರಿಯ ನೆನಪು. ಅದರಾಚೆ ಕಾರ್ಪೊರೇಷನ್, ಪುಟ್ಟಣ್ಣಚೆಟ್ಟಿ ಪುರಭವನ, ಆಮೇಲೆ ಹಳೆಯ ಪೇಟೆ.

ಹಲಸೂರು ಗೇಟ್ ಆ ಪೇಟೆಯ ಪೂರ್ವ ದಿಕ್ಕಿನ ಬಾಗಿಲು. ಕೆಂಪೇಗೌಡ 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಊರು ಮಾಡಿದಾಗ ಹಲಸೂರಿನ ಕಡೆಗೆ ಮುಖಮಾಡಿದ ಬಾಗಿಲಿಗೆ ಆ ಊರಿನ ಹೆಸರೇ ನಿಂತಿತು. ಯಲಹಂಕದ ಕಡೆಗಿನದು ಯಲಹಂಕ ಬಾಗಿಲು. ಬಾಗಿಲುಗಳೆಲ್ಲ ತಾವು ಇರುವ ಜಾಗದ ಹೆಸರನ್ನಲ್ಲ, ತಾವು ಕಳಿಸಿಕೊಡುವ ಊರಿನ ಹೆಸರನ್ನು ಇಟ್ಟುಕೊಂಡಿದ್ದವು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಇದೇ ಹಲಸೂರು ಬಾಗಿಲಿನಿಂದ. ಅವರ ಕಡೆಯ ಮೂರ್‌ಹೌಸ್ ಎಂಬ ಕರ್ನಲ್ ಬಾಗಿಲ ಬಳಿಯೇ ಸತ್ತ. ಅವನ ಸಾವನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರ ದೊಡ್ಡದಾಗಿ ಬರೆದ. ಎರಡು ವಾರ ಕಳೆದು ಮಾರ್ಚ್ 21ರ ರಾತ್ರಿ ಕಲ್ಲಿನ ಕೋಟೆಯೂ ಬಿತ್ತು. ಕೋಟೆಯನ್ನು ಕಾಯುತ್ತಿದ್ದ ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. ಮುಂದೆ ಊರು ಬೆಳೆಯಿತು. ಮಣ್ಣಿನ ಗೋಡೆ ಕರಗಿತು, ಕಂದಕ ಮುಚ್ಚಿತು, ಬಾಗಿಲು ಹೋಯಿತು. ಹೆಸರು ಮಾತ್ರ ಬಸ್ ಸ್ಟಾಪಿಗೆ, ಪೊಲೀಸ್ ಠಾಣೆಗೆ ಬಂದು ಕೂತಿತು.

ಕೆಲವು ವರ್ಷದ ಹಿಂದೆ ಅಪ್ಪ ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಿದ್ದರು. ಒಂದು ದಿನ ನನ್ನ ಜೊತೆ ಬಸ್ಸಿನಲ್ಲಿ ಬಂದು ಇಲ್ಲಿ ಇಳಿದರು. ಬೋರ್ಡು ನೋಡಿ, ಸುತ್ತ ಒಂದು ಸಲ ಕಣ್ಣಾಡಿಸಿ ಕೇಳಿದರು:

"ಗೇಟು ಎಲ್ಲೈತ ತಮಾ?"

"ಇಲ್ಲಪ್ಪ. ಹೋಗಿ ಇನ್ನೂರು ವರ್ಷ ಆಗಿರಬೇಕು."

"ಮತ್ತೆ ಹೆಸ್ರು?"

"ಹೆಸರು ಉಳಿದಿದೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇವ್ರು ಪುಣ್ಯವಂತ್ರು ಮಾರಾಯಾ" ಎಂದರು.

ಅವರು ಯಾಕೆ ಹಾಗೆ ಹೇಳಿದರು ಎಂಬುದು ನನಗೆ ತಕ್ಷಣ ಗೊತ್ತಾಯಿತು. ನಮ್ಮದು ಶರಾವತಿ ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದು ನಿಂತಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ನೀರಿನೊಳಗೆ ಹೋದವು. ಅವುಗಳಲ್ಲಿ ನಮ್ಮದೂ ಒಂದು. ಆಗ ಅಪ್ಪನಿಗೆ ಒಂಬತ್ತೋ ಹತ್ತೋ ವರ್ಷ. ಮನೆಯ ಹಂಚು, ಬಾಗಿಲು, ದನಕರು, ಒರಳುಕಲ್ಲು ಎಲ್ಲವನ್ನೂ ಲಾರಿಗೆ ತುಂಬಿ ಶಿವಮೊಗ್ಗ ಕಡೆಯ ಕಾಡಿನ ನಡುವೆ ಇಳಿಸಿದರಂತೆ. ಒಂದು ಊರಿನವರು ಒಂದೇ ಕಡೆ ಹೋಗಲಿಲ್ಲ. ಚಿಕ್ಕಜ್ಜನ ಮನೆಯವರು ಒಂದು ಕಡೆ, ನಮ್ಮವರು ಇನ್ನೊಂದು ಕಡೆ, ಅಜ್ಜಿಯ ತವರಿನವರು ಮತ್ತೊಂದು ಕಡೆ. ಕಾಡು ಕಡಿದು ಗದ್ದೆ ಮಾಡಿದರು. ಆ ಗದ್ದೆ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. ನಮ್ಮ ಕಡೆಯ ಬಹಳ ಜನಕ್ಕೆ ಅರವತ್ತು ವರ್ಷ ದಾಟಿದರೂ ಹಕ್ಕುಪತ್ರ ಕೈಗೆ ಬಂದಿಲ್ಲ.

ನಾನು ಹುಟ್ಟಿದ್ದು ಆ ಹೊಸ ಊರಿನಲ್ಲಿ. ಆದರೆ ಮನೆಯಲ್ಲಿ ದಾರಿ ಹೇಳುತ್ತಿದ್ದದ್ದು ಹಳೆಯ ಊರಿನದು. ಅಜ್ಜಿ ಯಾವ ಕತೆ ಶುರುಮಾಡಿದರೂ "ಆ ಕೆರೆ ಏರಿ ಇಳ್ದು, ಹುಣಸೆಮರದ್ ಬುಡಕ್ಕೆ ಬಂದ್ರೆ" ಎಂದೇ ಶುರುವಾಗುತ್ತಿತ್ತು. ಆ ಏರಿಯನ್ನು, ಆ ಹುಣಸೆಮರವನ್ನು ನಾವು ಮೊಮ್ಮಕ್ಕಳು ಯಾರೂ ನೋಡಿರಲಿಲ್ಲ. ಆದರೂ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ನಮಗೆ ಗೊತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಆ ದಾರಿ ಹೇಳುವವರು ಅಪ್ಪ ಒಬ್ಬರೇ. ಅವರ ನಂತರ?

ಹಲಸೂರು ಗೇಟಿನ ಹೆಸರು ಹೇಗೆ ಉಳಿಯಿತು ಎಂಬುದು ನನಗೆ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ, ಮನೆಯ ಪ್ರಶ್ನೆಯಾಯಿತು.

ಹಡ್ಸನ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಆ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ನೃಪತುಂಗ ರಸ್ತೆಗೆ ಹಿಂದೆ ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು. 1791ರ ಮುತ್ತಿಗೆಯಲ್ಲಿ ಮತ್ತು ಮೈಸೂರಿನ ಮೇಲಿನ ಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಎತ್ತಿದ ಸ್ಮಾರಕ ಸ್ತಂಭ ಇಲ್ಲೇ ಕಾರ್ಪೊರೇಷನ್ ಎದುರು ನಿಂತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದು ಯಾಕಿರಬೇಕು ಎಂಬ ಕೂಗು ಎದ್ದು 1964ರ ಅಕ್ಟೋಬರಿನಲ್ಲಿ ಅದನ್ನು ಕೆಡವಿದರು. ಕಾರ್ಪೊರೇಷನ್ ಎದುರು ಇವತ್ತು ನಿಂತಿರುವುದು ಊರು ಕಟ್ಟಿದ ಕೆಂಪೇಗೌಡನ ಪ್ರತಿಮೆ. ಸ್ತಂಭ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ. ಬಹಾದೂರ್ ಖಾನನ ಹೆಸರಿಲ್ಲದೆ, ಪೇಟೆಯಲ್ಲಿ ಸತ್ತ ಜನರ ಹೆಸರಿಲ್ಲದೆ, ಗೆದ್ದವರು ತಮ್ಮವರಿಗೆ ಮಾತ್ರ ಅತ್ತ ಕಲ್ಲು ಅದು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಹಲಸೂರು ಗೇಟು ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ. ಸೆನೊಟಾಫ್ ಹೋಗಿ ಅರವತ್ತು ವರ್ಷಕ್ಕೆ ಹೆಸರು ಪೂರ್ತಿ ಅಳಿಸಿಹೋಗಿದೆ. ಈ ರಸ್ತೆಯಲ್ಲಿ ನಲವತ್ತು ವರ್ಷ ಹೂ ಮಾರಿದ ಒಬ್ಬರನ್ನು ಕೇಳಿದೆ. ಅವರಿಗೆ ಆ ಪದವೇ ಗೊತ್ತಿರಲಿಲ್ಲ.

ಎರಡೂ ಬಿದ್ದವು. ಒಂದರ ಹೆಸರು ಮಾತ್ರ ಯಾಕೆ ಉಳಿಯಿತು? ಬಾಗಿಲಿನಲ್ಲಿ ಜನ ಓಡಾಡಿದ್ದರು. ಸೊಪ್ಪು ಮಾರುವವರು, ಗಾಡಿ ಹೊಡೆಯುವವರು, ಸಂತೆಗೆ ಬಂದವರು, ದಿನಾ ಬೆಳಿಗ್ಗೆ ಸಂಜೆ ಆ ಹೆಸರನ್ನು ಬಾಯಲ್ಲಿ ಆಡಿದ್ದರು. ಗೋಡೆ ಬಿದ್ದರೂ ಅವರು ಅಲ್ಲೇ ಇದ್ದರು. ಅವರ ಮಕ್ಕಳೂ ಅಲ್ಲೇ ಇದ್ದರು. ಸ್ತಂಭದ ಹೆಸರು ಕಲ್ಲಿನ ಮೇಲಿತ್ತು, ನಕ್ಷೆಯ ಮೇಲಿತ್ತು. ಯಾವ ಅಜ್ಜಿಯ ಕತೆಯೂ ಅಲ್ಲಿಂದ ಶುರುವಾಗಿರಲಿಲ್ಲ.

ಸರ್ಕಲ್ಲಿನಿಂದ ಕಸ್ತೂರಬಾ ರಸ್ತೆಯ ಕಡೆ ತಿರುಗಿದರೆ ಕಂಠೀರವ ಕ್ರೀಡಾಂಗಣ. ಅಲ್ಲೊಂದು ಕಾಲಕ್ಕೆ ಸಂಪಂಗಿ ಕೆರೆ ಇತ್ತು. ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿದ್ದ ಕೆರೆ. ಕುಡಿಯುವ ನೀರು, ತೋಟದ ನೀರು ಎರಡಕ್ಕೂ ಆಸರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರಿಗೆ ಕೆರೆಯ ಹಂಗು ಕಡಿಮೆಯಾಯಿತು. ಕೆರೆ ನಿಧಾನಕ್ಕೆ ಬತ್ತಿ ಮೈದಾನವಾಯಿತು, ಮೈದಾನ ಕ್ರೀಡಾಂಗಣವಾಯಿತು. ಮೂಲೆಯಲ್ಲಿ ಒಂದು ಸಣ್ಣ ಕೊಳ ಮಾತ್ರ ಉಳಿಯಿತು.

ನಮ್ಮ ಅಚ್ಚುಕೂಟದಲ್ಲಿ ಬೈಂಡಿಂಗ್ ಕೆಲಸ ಮಾಡುವ ಒಬ್ಬರು ತಿಗಳರಪೇಟೆಯವರು. ಅವರ ಎದುರು ಒಮ್ಮೆ ನಾನು "ಸಂಪಂಗಿ ಕೆರೆ ಇತ್ತಂತೆ" ಎಂದೆ. ಅವರು ನನ್ನ ಮುಖ ನೋಡಿ, "ಇತ್ತಂತೆ ಏನ್ ಬಂತು ಸಾರ್, ಇದೆ. ನಾವು ಪ್ರತಿ ವರ್ಷ ಹೋಗ್ತೀವಲ್ಲ" ಎಂದರು. ಚೈತ್ರದ ಹುಣ್ಣಿಮೆಯ ಕರಗಕ್ಕೆ ಮೊದಲು ಹಸಿ ಕರಗ ಹೊರಡುವುದು ಆ ಕೆರೆಯಂಗಳದಿಂದ. ದ್ರೌಪದಿಯನ್ನು ಅಲ್ಲಿಂದ ಕರೆತಂದು ಧರ್ಮರಾಯನ ಗುಡಿಗೆ ಸೇರಿಸುತ್ತಾರೆ. ಆಮೇಲೆ ಹುಣ್ಣಿಮೆಯ ರಾತ್ರಿ ಮಲ್ಲಿಗೆ ಹೊದ್ದ ಕರಗ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಕತ್ತಿ ಹಿಡಿದ ವೀರಕುಮಾರರು ಜೊತೆಗಿರುತ್ತಾರೆ. ನಮ್ಮ ಬೈಂಡಿಂಗಿನವರ ಮಗ ಈ ನಡುವೆ ವೀರಕುಮಾರನಾಗಿದ್ದಾನೆ. ಅವನು ಓದುವುದು ಕಂಪ್ಯೂಟರ್. ಕೆರೆಯ ಚರಿತ್ರೆಯ ಪುಸ್ತಕ ಅವನು ತೆರೆದಿರಲಾರ. ಆದರೆ ಕೆರೆ ಎಲ್ಲಿ ಎಂದು ಅವನ ಕಾಲಿಗೆ ಗೊತ್ತು. ಕ್ರೀಡಾಂಗಣದ ಟಿಕೆಟ್ ಕೌಂಟರ್ ಅವನ ಪಾಲಿಗೆ ಕೆರೆಯ ದಂಡೆ.

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು. "ಅಲ್ಲಿ ಕೆರೆ ಬತ್ತಿಸಿ ಮೈದಾನ ಮಾಡಿದ್ರು, ಇಲ್ಲಿ ಊರು ಮುಳುಗ್ಸಿ ಕೆರೆ ಮಾಡಿದ್ರು" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಶರಾವತಿಯ ಕರೆಂಟು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ನಮ್ಮ ಹೊಸ ಊರಿಗೆ ಲೈಟು ಬರುವ ಎಷ್ಟೋ ಮೊದಲೇ ಬೆಂಗಳೂರಿನ ಕಾರ್ಖಾನೆಗಳಿಗೆ ಬಂದಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಗ್ರಂಥಾಲಯದಲ್ಲಿ ಸಂಜೆ ಲೈಟು ಹಾಕಿದಾಗ ನನಗೆ ಕೆಲವೊಮ್ಮೆ ಅದು ನೆನಪಾಗುತ್ತದೆ.

ಇನ್ನು ಹುಡುಕಾಟದ ವಿಷಯ. ಹಕ್ಕುಪತ್ರದ ಅರ್ಜಿಯಲ್ಲಿ 'ಮೂಲ ಗ್ರಾಮ' ಎಂದೊಂದು ಕಾಲಂ ಇರುತ್ತದೆ. ಅಪ್ಪ ಅಲ್ಲಿ ನಮ್ಮೂರಿನ ಹೆಸರು ಬರೆಯುತ್ತಾರೆ. ನಮ್ಮದು ದೊಡ್ಡ ಊರೇನಲ್ಲ, ಏಳೆಂಟು ಮನೆಗಳ ಕೇರಿ, ಇನ್ನೊಂದು ಗ್ರಾಮಕ್ಕೆ ಸೇರಿದ್ದು. ಅದರ ಹೆಸರು ನಮ್ಮಲ್ಲಿರುವ ಯಾವ ಕಾಗದದಲ್ಲೂ ಇಲ್ಲ. ಎಲ್ಲಾದರೂ, ಯಾವುದಾದರೂ ಹಳೆಯ ಪುಸ್ತಕದಲ್ಲಿ, ಆ ಹೆಸರು ಅಚ್ಚಾಗಿರಬಹುದೇ ಎಂದು ನೋಡಲು ನಾನು ಮಿಥಿಕ್ ಸೊಸೈಟಿಯ ಮೆಟ್ಟಿಲು ಹತ್ತಿದ್ದು. ಅದರಿಂದ ಹಕ್ಕುಪತ್ರ ಸಿಗುತ್ತದೆ ಎಂಬ ಭ್ರಮೆ ಇರಲಿಲ್ಲ. ಅಪ್ಪ ಬರೆಯುವ ಹೆಸರು ಅವರ ಕಲ್ಪನೆಯಲ್ಲ ಎಂದು ಇನ್ನೊಂದು ಸಾಕ್ಷಿ ಬೇಕಿತ್ತು, ಅಷ್ಟೇ.

ಶಾಸನಗಳ ದೊಡ್ಡ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಸೀಮೆಯ ಶಾಸನಗಳಿವೆ. ಅದನ್ನು ಹೊರತಂದ ಬಿ.ಎಲ್. ರೈಸ್ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು. ಅವರ ತಂದೆ ಬೆಂಜಮಿನ್ ರೈಸ್ ಇಲ್ಲಿ ಮಿಷನರಿಯಾಗಿದ್ದರು. ತಂದೆಯ ನೆನಪಿನ ರೈಸ್ ಸ್ಮಾರಕ ಚರ್ಚು ನಮ್ಮ ಅಚ್ಚುಕೂಟಕ್ಕೆ ಹೋಗುವ ಅವಿನ್ಯೂ ರಸ್ತೆಯ ಗದ್ದಲದ ನಡುವೆಯೇ ಇದೆ. ಪಠ್ಯಪುಸ್ತಕದ ಅಂಗಡಿಗಳ ಮಧ್ಯೆ ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ಮಗ ರೈಸ್ ಮತ್ತವರ ಸಹಾಯಕರು ಹಳ್ಳಿ ಹಳ್ಳಿಗಳ ಕಲ್ಲುಗಳ ಬರಹವನ್ನು ಪಡಿಯಚ್ಚು ಮಾಡಿಸಿ, ಕನ್ನಡದಲ್ಲೂ ರೋಮನ್ ಲಿಪಿಯಲ್ಲೂ ಅಚ್ಚುಹಾಕಿದರು. ಪ್ರತಿ ಶಾಸನದ ಮೇಲೆ ಅದು ಸಿಕ್ಕ ಜಾಗ ಬರೆದಿದೆ. ಇಂಥ ಊರಿನಲ್ಲಿ, ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ ಎಂದು. ಓದುತ್ತ ಹೋದಂತೆ ನನಗೆ ಶಾಸನದ ರಾಜರಿಗಿಂತ ಈ ಒಂದು ಸಾಲೇ ಮುಖ್ಯವಾಯಿತು. ಅದು ದಾರಿ ಹೇಳುವ ಸಾಲು. ಅಜ್ಜಿ ಹೇಳುತ್ತಿದ್ದದ್ದೂ ಅದೇ ಥರದ ಸಾಲು.

ನಾಲ್ಕು ಶನಿವಾರ ಹುಡುಕಿದೆ. ನಮ್ಮೂರಿನ ಹೆಸರು ಸಿಗಲಿಲ್ಲ. ಅಜ್ಜಿ ಆಗಾಗ ಹೇಳುತ್ತಿದ್ದ, ನಮ್ಮೂರಿಗೆ ಹರದಾರಿ ದೂರದ ಇನ್ನೊಂದು ಊರಿನ ಹೆಸರು ಸಿಕ್ಕಿತು. ಅಲ್ಲಿ ಒಂದು ಶಾಸನಕಲ್ಲು. ಆ ಕಲ್ಲು ಈಗ ನೀರಿನಡಿ ಇರಬೇಕು. ನಾನು ಆ ಪುಟದ ಮೇಲೆ ಸುಮಾರು ಹೊತ್ತು ಕೈಯಿಟ್ಟುಕೊಂಡು ಕೂತೆ. ಮನೆಯ ಮಾತಿನಲ್ಲಿ ಬಿಟ್ಟರೆ ನಾನು ಎಲ್ಲೂ ಕೇಳಿರದ ಹೆಸರು ಅದು. ಅದು ಕತೆಯಲ್ಲ, ಒಂದು ಜಾಗ ಎಂದು ಮೊದಲ ಸಲ ಹೊರಗಿನವರೊಬ್ಬರು ಹೇಳಿದಂತಾಯಿತು.

ಕಾಗದ ಮಾಡುವ ಕೆಲಸ ಅದು. ಕಡಿಮೆ ಏನಲ್ಲ. ಬೇಗೂರಿನ ಸುಮಾರು ಕ್ರಿ.ಶ. 900ರ ವೀರಗಲ್ಲಿನಲ್ಲಿ 'ಬೆಂಗಳೂರ' ಕಾಳಗದ ಪ್ರಸ್ತಾಪವಿದೆ ಎಂಬುದರಿಂದಲೇ ಕೆಂಪೇಗೌಡನಿಗಿಂತ ಆರು ಶತಮಾನ ಹಿಂದೆಯೂ ಈ ಹೆಸರಿತ್ತು ಎಂದು ನಮಗೆ ಗೊತ್ತಾಗಿದೆ. 2018ರಲ್ಲಿ ಹೆಬ್ಬಾಳದಲ್ಲಿ ಕಿಟ್ಟಯ್ಯನ ವೀರಗಲ್ಲು ಸಿಕ್ಕಿತು. ಅದು ಸುಮಾರು ಕ್ರಿ.ಶ. 750ರದು ಎನ್ನುತ್ತಾರೆ. ರೈಸ್ ದಾಖಲಿಸಿದ ಬೆಂಗಳೂರಿನ ಕಲ್ಲುಗಳಲ್ಲಿ ಎಷ್ಟೋ ರಸ್ತೆಯಡಿ, ಮನೆಯಡಿ ಸೇರಿಹೋಗಿವೆ. ಉಳಿದಿರುವುದನ್ನಾದರೂ ಹಿಡಿದಿಡಬೇಕೆಂದು ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳು ಕಂಪ್ಯೂಟರಿನ ಪರದೆಯ ಮೇಲೆ ಎದ್ದು ಬರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಆದರೂ ಈ ನಾಲ್ಕು ದಿಕ್ಕಿನ ತಿರುಗಾಟದಿಂದ ನನಗೆ ಅನ್ನಿಸಿದ್ದು ಇದು: ಗುರುತು ಬಿದ್ದುಹೋಗುವುದರಿಂದ ಹೆಸರು ಸಾಯುವುದಿಲ್ಲ. ಜನ ಚದುರಿದಾಗ ಸಾಯುತ್ತದೆ. ಪೇಟೆಯ ಗೋಡೆ ಹೋಯಿತು, ಪೇಟೆಯವರು ಉಳಿದರು. ಕೆರೆ ಹೋಯಿತು, ಕರಗ ಹೊರುವವರು ಉಳಿದರು. ನಮ್ಮಲ್ಲಿ ನೆಲ ಅಲ್ಲೇ ಇದೆ, ನೀರಿನ ಕೆಳಗೆ ಒಂದಿಂಚೂ ಕದಲದೆ. ಹೋದದ್ದು ನಾವು. ಆ ಹೆಸರನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದವರೆಲ್ಲ ಬೇರೆ ಬೇರೆ ಲಾರಿ ಹತ್ತಿದ್ದರು. ಅಪ್ಪ ಪೇಟೆಯವರನ್ನು ಪುಣ್ಯವಂತರು ಎಂದದ್ದು ಇದಕ್ಕೇ.

ಹಾಗಾಗಿ ಈಗ ನಾನು ಪುಸ್ತಕದಲ್ಲಿ ಹುಡುಕುವುದನ್ನು ಕಡಿಮೆ ಮಾಡಿ, ಭಾನುವಾರ ಸಂಜೆ ಅಪ್ಪನಿಗೆ ಫೋನು ಮಾಡುತ್ತೇನೆ. ಒಂದು ಕರೆಗೆ ಒಂದು ಜಾಗ. ಕೇರಿಯ ಹೆಸರು, ಗದ್ದೆಯ ಹೆಸರು, ದನ ನೀರು ಕುಡಿಯುತ್ತಿದ್ದ ಗುಂಡಿಯ ಹೆಸರು, ಭೂತಪ್ಪನ ಬನದ ಹೆಸರು. ರೈಸ್ ಮಾಡಿದಂತೆ ಪ್ರತಿಯೊಂದರ ಮೇಲೂ ಅದು ಎಲ್ಲಿದೆ ಎಂದು ಒಂದು ಸಾಲು ಬರೆಯುತ್ತೇನೆ. ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಬೇರೆ ಬೇರೆ ಊರು ಸೇರಿದ ಮೂರು ನಾಲ್ಕು ಮನೆಗಳ ಹಿರಿಯರು ಅದನ್ನು ಮಕ್ಕಳಿಂದ ಓದಿಸಿ ಕೇಳಿ, ತಿದ್ದಿ ಕಳಿಸುತ್ತಾರೆ. ಚಿಕ್ಕಜ್ಜನ ಮಗಳು, ಎಂಬತ್ತರ ಹತ್ತಿರದ ಅತ್ತೆ, ಒಂದು ದಿನ ಧ್ವನಿ ಸಂದೇಶದಲ್ಲಿ ಅಪ್ಪನನ್ನೇ ಗದರಿದರು: "ಆ ಮಾವಿನ್ಮರ ಕೆಳಗಿನ್ ಗದ್ದೇದಲ್ಲೋ, ಮೇಲಿಂದು. ನಿಂಗೇನ್ ಗೊತ್ತು, ನೀ ಆಗ ಚಡ್ಡಿ ಹಾಕ್ತಿರ್ಲಿಲ್ಲ." ಅರವತ್ತು ವರ್ಷದ ನಂತರ ಆ ಮಾವಿನಮರದ ಬಗ್ಗೆ ಇಬ್ಬರು ಜಗಳವಾಡಿದರು. ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದಷ್ಟೇ ಹಿತವಾಗಿತ್ತು ನನಗೆ.

ಈ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದಿದೆ ಎಂದು ಗೊತ್ತಾಗಿ ಅಪ್ಪನನ್ನು ಕರೆದುಕೊಂಡು ಹೋದೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಲಿಂಗನಮಕ್ಕಿಗಿಂತ ಮುಂಚಿನದು ಅದು. ನಮ್ಮ ಊರುಗಳ ಹಾಗೆಯೇ ಲಿಂಗನಮಕ್ಕಿಯಲ್ಲಿ ಮುಳುಗಿದ್ದು. ಅದನ್ನು ನೋಡಲು ದೂರದೂರದಿಂದ ಕಾರುಗಳಲ್ಲಿ ಜನ ಬರುತ್ತಾರೆ. ನಾವು ಹೋದದ್ದು ಅತ್ತ ಅಲ್ಲ. ಯಾರೂ ಬರದ ಇನ್ನೊಂದು ದಂಡೆಗೆ. ಒಡೆದ ಕೆಸರು, ಕಪ್ಪಾಗಿ ನಿಂತ ಮರದ ಬೊಡ್ಡೆಗಳು, ದೂರದಲ್ಲಿ ನೀರು. ನನಗೆ ಎಲ್ಲ ಒಂದೇ ಥರ ಕಂಡಿತು. ಅಪ್ಪ ಕೋಲೂರಿಕೊಂಡು, ಗುಡ್ಡದ ಸಾಲು ನೋಡಿ ಅಂದಾಜು ಮಾಡುತ್ತ ನಡೆದರು. ತಮ್ಮನ ಮಗಳು, ಏಳು ವರ್ಷದವಳು, ಅವರ ಹಿಂದೆ.

ಒಂದು ಕಡೆ ಅವರು ನಿಂತರು. "ಇದು ದಣಪೆ" ಎಂದರು. ನಮ್ಮ ಕಡೆ ಅಂಗಳದ ಬೇಲಿಗೆ ಗಳು ಅಡ್ಡಹಾಕಿ ಮಾಡುವ ಬಾಗಿಲಿಗೆ ಹಾಗೆನ್ನುತ್ತಾರೆ. ಅಲ್ಲಿ ಏನೂ ಇರಲಿಲ್ಲ. ಅಪ್ಪ ಒಂದು ಕಾಲೆತ್ತಿ ದಾಟಿದರು.

ಹುಡುಗಿ ಆ ಜಾಗ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಲಂಗ ಸ್ವಲ್ಪ ಎತ್ತಿಕೊಂಡು ತಾನೂ ದಾಟಿದಳು.